ಲಾರಿ ನಿಲ್ಲುವ ಜಾಗ

ಆ ಅರ್ಜಿಯನ್ನು ಟೈಪ್ ಮಾಡಿದವಳು ನಾನೇ. ಆಗ ನನಗೆ ಇಪ್ಪತ್ತೆರಡು. ಕಲ್ಕತ್ತೆಯ ಬೆಹಾಲಾದ ಟೈಪಿಂಗ್ ಶಾಲೆಯಲ್ಲಿ ಎರಡು ಕಾರ್ಬನ್ ಹಾಳೆ ಇಟ್ಟು ಮೂರು ಪ್ರತಿ ತೆಗೆದು, ಬೆರಳಿಗೆ ಹತ್ತಿದ ನೀಲಿ ಮಸಿಯನ್ನು ದುಪಟ್ಟಕ್ಕೆ ಒರೆಸಿಕೊಂಡು ಮನೆಗೆ ಬಂದಿದ್ದೆ. ಅಪ್ಪನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು, "ಇದು ಎಂತ? ಇದು ಎಂತ?" ಎಂದು ಕೇಳಿದರು. ನಾನು ಅರ್ಥ ಹೇಳುತ್ತಾ ಹೋದೆ. ಕೊನೆಯ ಸಾಲು ಹೀಗಿತ್ತು: ಲಾರಿಗಳು ಗಲ್ಲಿಯಲ್ಲಿ ನಿಲ್ಲುವುದರಿಂದ ಇಲ್ಲಿಯ ನಿವಾಸಿಗಳಿಗೆ ಯಾವ ತೊಂದರೆಯೂ ಇಲ್ಲ. ಅದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಅರ್ಜಿ ಗಟ್ಟಿಯಾಗಿ ಮುಗಿಯಬೇಕೆಂದು ನಾನೇ ಸೇರಿಸಿದ್ದೆ. "ಚಂದ ಆಗಿದೆ," ಎಂದು ಅಪ್ಪ ಸಹಿ ಹಾಕಿದರು.

ಅಪ್ಪ ಉಡುಪಿ ಕಡೆಯಿಂದ ಕಲ್ಕತ್ತೆಗೆ ಬಂದದ್ದು ಅಡುಗೆಯವರ ಗುಂಪಿನ ಜೊತೆ. ಮದುವೆ ಮುಂಜಿಗಳಿಗೆ ಅಡುಗೆ ಮಾಡಿ ಮಾಡಿ, ಆಮೇಲೆ ಸ್ವಂತ ಗುತ್ತಿಗೆ ಹಿಡಿದು, ಕೊಪ್ಪರಿಗೆ ಕಡಾಯಿಗಳನ್ನಿಡಲು ನಮ್ಮ ಗಲ್ಲಿಯ ಹಳೆಯ ಸೋಪಿನ ಕಾರ್ಖಾನೆಯ ಶೆಡ್ಡನ್ನು ಕೊಂಡಿದ್ದರು. ಶೆಡ್ಡಿನ ಮೇಲಿನ ಎರಡು ಕೋಣೆಗಳೇ ನಮ್ಮ ಮನೆ. ಒಂದು ಸಲ ರೈಲ್ವೆಯ ಧಾರವಾಡದ ಅಧಿಕಾರಿಯೊಬ್ಬರಿಗೆ ಗುವಾಹಟಿಗೆ ವರ್ಗವಾಯಿತು. "ಎರಡ ವರ್ಷ ನಮ್ಮ ಸಾಮಾನ ಇಟ್ಕೋತೀರೇನ್ರಿ?" ಎಂದು ಅವರು ಕೇಳಿದರು. ಅಪ್ಪ ಒಂದು ಮೂಲೆಗೆ ಇಟ್ಟಿಗೆ ಗೋಡೆ ಕಟ್ಟಿಸಿ ಬಾಗಿಲಿಟ್ಟು ಕೊಟ್ಟರು. ಬೀಗ ಅವರದೇ, ಕೀಲಿಕೈಯೂ ಅವರ ಹತ್ತಿರವೇ. ಅವರಿಂದ ಕೇಳಿ ತಿಳಿದು ಇನ್ನೊಬ್ಬರು ಬಂದರು. ಬ್ಯಾಂಕಿನವರು, ಮಿಲಿಟರಿಯವರು, ಮನೆ ಪಾಲಾಗಿ ಸಾಮಾನು ಎಲ್ಲಿಡಬೇಕೆಂದು ತಿಳಿಯದ ಬಂಗಾಳಿಗಳು. ಐದಾರು ವರ್ಷಗಳಲ್ಲಿ ಅಡುಗೆ ಗುತ್ತಿಗೆ ಹಿಂದೆ ಬಿತ್ತು, ಈ ಕೋಣೆಗಳ ಬಾಡಿಗೆಯೇ ನಮ್ಮ ಜೀವನವಾಯಿತು.

ಭಾನುವಾರಗಳಲ್ಲಿ ಜನ ತಮ್ಮ ಸಾಮಾನು ನೋಡಲು ಬರುತ್ತಿದ್ದರು. ಒಬ್ಬ ಹೆಂಗಸು ತನ್ನ ಕೋಣೆಯ ಬಾಗಿಲು ಅರ್ಧ ಮುಚ್ಚಿಕೊಂಡು ಹಾರ್ಮೋನಿಯಂ ಬಾರಿಸಿ ಹೋಗುತ್ತಿದ್ದಳು. ಒಬ್ಬ ಮುದುಕರು ತಮ್ಮದೇ ಕುರ್ಚಿಯನ್ನು ಅಂಗಳಕ್ಕೆ ಎಳೆದು ಒಂದು ಗಂಟೆ ಕೂತು, ಮತ್ತೆ ಒಳಗಿಟ್ಟು ಬೀಗ ಹಾಕುತ್ತಿದ್ದರು. ಬರಬರುತ್ತ ಆ ಅಂಗಳವೂ ಉಳಿಯಲಿಲ್ಲ. ಅಪ್ಪ ಅಲ್ಲಿ ತಗಡಿನ ಮಾಡು ಹಾಕಿ ಇನ್ನೂ ಹನ್ನೆರಡು ಕೋಣೆ ಕಟ್ಟಿಸಿದರು. ಅಂದಿನಿಂದ ಸಾಮಾನು ತರುವ ಲಾರಿಗಳು ಗಲ್ಲಿಯಲ್ಲೇ ನಿಲ್ಲತೊಡಗಿದವು. ಒಂದು ಲಾರಿ ನಿಂತರೆ ಪಕ್ಕದಲ್ಲಿ ಮನುಷ್ಯ ಅಡ್ಡಡ್ಡ ತಿರುಗಿಕೊಂಡು ದಾಟಬೇಕು, ಅಷ್ಟೇ ಅಗಲದ ಗಲ್ಲಿ ಅದು.

ಕಾರ್ಪೊರೇಷನ್ನಿನಿಂದ ನೋಟಿಸು ಬಂದದ್ದು ಅದಕ್ಕೇ. ಜನವಸತಿಯ ಜಾಗದಲ್ಲಿ ಈ ಅಳತೆಯ ಗೋದಾಮು ನಡೆಸಬೇಕಾದರೆ ಎರಡು ಲಾರಿ ನಿಲ್ಲುವಷ್ಟು ಜಾಗವನ್ನು ಸ್ವಂತ ನೆಲದೊಳಗೇ ಬಿಡಬೇಕು. ಇಲ್ಲವಾದರೆ ನಿಯಮದಿಂದ ವಿನಾಯಿತಿ ಕೇಳಬೇಕು. ಹನ್ನೆರಡು ಕೋಣೆ ಕೆಡವುವುದು ಅಪ್ಪನ ಮನಸ್ಸಿಗೇ ಬರಲಿಲ್ಲ. ವಿನಾಯಿತಿ ಕೇಳಿದರು. ಅರ್ಜಿಯ ಒಂದು ಪ್ರತಿಯನ್ನು ನಮ್ಮ ಗೇಟಿಗೆ ಅಂಟಿಸಿ, ಯಾರಿಗಾದರೂ ತಕರಾರಿದ್ದರೆ ತಿಂಗಳೊಳಗೆ ಬರೆದು ತಿಳಿಸಿ ಎಂದು ಕಚೇರಿಯವರು ಷರಾ ಹಾಕಿ ಹೋದರು.

ತಕರಾರು ಬರೆದವರು ಒಬ್ಬರೇ. ಗಲ್ಲಿಯ ಕೊನೆಯ ಮನೆಯ ನಿವೃತ್ತ ಹೆಡ್‌ಮಾಸ್ಟರು. ನಾನು ಅವರನ್ನು ಜೇಠು, ಅಂದರೆ ದೊಡ್ಡಪ್ಪ, ಎಂದು ಕರೆಯುತ್ತಿದ್ದೆ. ಅವರ ಹೆಂಡತಿ ಜೇಠಿಮಾ. ನಾನು ಏಳನೇ ಕ್ಲಾಸಿನಿಂದ ಅವರ ವರಾಂಡದ ಚಾಪೆಯ ಮೇಲೆ ಕೂತು ಗಣಿತವನ್ನೂ ಇಂಗ್ಲಿಷನ್ನೂ ಕಲಿತವಳು. ಅರ್ಜಿ ಬರೆಯುವಷ್ಟು ಇಂಗ್ಲಿಷ್ ಬಂದದ್ದು ಅವರಿಂದಲೇ.

ತಕರಾರು ಕಳಿಸುವ ಮೊದಲು ಅವರೇ ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದರು. ದುರ್ಗಾಪೂಜೆ ಮುಗಿದು ಚಳಿ ಶುರುವಾಗುವ ದಿನಗಳು. ಕತ್ತಿಗೆ ಮಫ್ಲರ್ ಸುತ್ತಿಕೊಂಡಿದ್ದರು.

"ನಾನು ವಿರೋಧ ಬರೆದಿದ್ದೇನೆ," ಎಂದು ಅಪ್ಪನಿಗೆ ಹೇಳಿದರು. "ಬೇರೆಯವರ ಬಾಯಿಂದ ನಿಮಗೆ ತಿಳಿಯಬಾರದು. ನನ್ನವಳ ಹೃದಯದ ವಿಷಯ ನಿಮಗೆ ಗೊತ್ತು. ಹೋದ ತಿಂಗಳು ಆಂಬುಲೆನ್ಸ್ ಗಲ್ಲಿಯ ಬಾಯಲ್ಲೇ ನಿಂತಿತು. ಅವಳನ್ನು ಕುರ್ಚಿಯಲ್ಲಿ ಕೂರಿಸಿ ನಿಮ್ಮ ಲಾರಿಯ ಪಕ್ಕದಲ್ಲಿ ಓರೆಯಾಗಿ ಹೊತ್ತುಕೊಂಡು ಹೋದೆವು."

"ಮಾಸ್ಟರ್‌ಮಶಾಯ್, ನನಗೆ ಆ ಸಂಗತಿ ಗೊತ್ತೇ ಇರಲಿಲ್ಲ," ಎಂದರು ಅಪ್ಪ.

"ನಿಮ್ಮ ಮೇಲೆ ಸಿಟ್ಟಿಲ್ಲ. ಆದರೆ ಬರೆಯದೆ ಇರಲು ಆಗುವುದಿಲ್ಲ."

ಅಮ್ಮ ಕಾಫಿ ತಂದಳು. ಜೇಠು ಪೂರ್ತಿ ಕುಡಿದು, ನನ್ನ ಕಡೆ ನೋಡಿ ತಲೆಯಾಡಿಸಿ ಹೋದರು. "ಅವರು ಹೇಳುದ್ರಲ್ಲಿ ತಪ್ಪಿಲ್ಲ," ಎಂದಳು ಅಮ್ಮ. "ತಪ್ಪಿಲ್ಲ ಅಂತ ನನಗೂ ಗೊತ್ತುಂಟು ಮಾರಾಯ್ತಿ. ಆದರೆ ಹನ್ನೆರಡು ಜನರ ಸಾಮಾನು ಬೀದಿಯಲ್ಲಿ ಇಡ್ಲಿಕ್ಕೆ ಆಗ್ತದಾ?" ಎಂದರು ಅಪ್ಪ.

ನಾಲ್ಕು ದಿನ ಬಿಟ್ಟು ಕ್ಲಬ್ಬಿನ ಸೆಕ್ರೆಟರಿ ಬಂದ. ಆ ಕಾಲದಲ್ಲಿ ಕೇರಿಯ ಯಾವ ಕೆಲಸವೂ ಕ್ಲಬ್ಬಿಗೆ ತಿಳಿಯದೆ ಆಗುತ್ತಿರಲಿಲ್ಲ. ಮನೆ ಬಾಡಿಗೆಗೆ ಕೊಡುವುದು, ನಲ್ಲಿ ಹಾಕಿಸುವುದು, ಗಂಡಹೆಂಡಿರ ಜಗಳ, ಎಲ್ಲ ಆ ಕೇರಮ್ ಬೋರ್ಡಿನ ಕೋಣೆಯಲ್ಲಿ ತೀರ್ಮಾನವಾಗುತ್ತಿತ್ತು. ಬಾಗಿಲ ಮೇಲೆ ಬಣ್ಣ ಮಾಸಿದ ಕೆಂಪು ಬಾವುಟವೊಂದಿತ್ತು. ಸೆಕ್ರೆಟರಿ ಸಣ್ಣ ಧ್ವನಿಯ ಮನುಷ್ಯ. ಚಪ್ಪಲಿಯನ್ನು ಬಾಗಿಲಾಚೆ ಒಂದರ ಪಕ್ಕ ಒಂದು ನೀಟಾಗಿ ಜೋಡಿಸಿ ಒಳಗೆ ಬಂದ. ನಾವು ಕರೆದಿರಲಿಲ್ಲ.

"ದಾದಾ, ನಿಮ್ಮನ್ನು ಹೊರಗಿನವರು ಅಂತ ನಾವು ಒಂದು ದಿನವೂ ನೋಡಿಲ್ಲ," ಎಂದು ಶುರು ಮಾಡಿದ. "ನಿಮ್ಮ ಅರ್ಜಿ ಗೇಟಿನ ಮೇಲೆ ಓದಿದೆ. ಕೇರಿಯ ಒಬ್ಬ ಮನುಷ್ಯ ಬೆಳೆಯಬೇಕು ಅಂದರೆ ಕೇರಿ ಅವನ ಹಿಂದೆ ನಿಲ್ಲಬೇಕು. ಮಾಸ್ಟರ್‌ಮಶಾಯ್‌ಗೆ ವಯಸ್ಸಾಯಿತು. ನಾವು ತಿಳಿಹೇಳುತ್ತೇವೆ."

"ಅವರಿಗೆ ತಿಳಿಹೇಳುವುದು ಎಂತದ್ದೂ ಇಲ್ಲ. ವಿಚಾರಣೆಯಲ್ಲಿ ಅವರ ಮಾತು ಅವರು ಹೇಳಲಿ, ನನ್ನದು ನಾನು ಹೇಳುತ್ತೇನೆ," ಎಂದರು ಅಪ್ಪ.

ಅವನು ನಕ್ಕ. "ನೀವು ಏನೂ ಮಾಡಬೇಕಾಗಿಲ್ಲ. ನೀವು ಸುಮ್ಮನೆ ಇರಿ, ಸಾಕು."

ಅಪ್ಪ ಆಗ ಇನ್ನೊಂದು ಮಾತು ಆಡಬಹುದಿತ್ತು. ಆಡಲಿಲ್ಲ. ಅವನು ಎದ್ದು ಹೋಗುವಾಗ ಬಾಗಿಲವರೆಗೆ ಹೋಗಿ ಬೀಳ್ಕೊಟ್ಟರು. ನನಗೆ ಆಗ, ನಿಜ ಹೇಳಬೇಕೆಂದರೆ, ಒಂದು ಬಗೆಯ ಸಮಾಧಾನವೇ ಆಯಿತು. ನಮ್ಮ ಬೆನ್ನಿಗೂ ಯಾರೋ ಇದ್ದಾರೆ ಎನ್ನಿಸಿತು.

ಮೊದಲು ಗಮನಿಸಿದವಳು ಅಮ್ಮ. ಜೇಠುವಿನ ಮನೆಗೆ ಕೆಲಸಕ್ಕೆ ಹೋಗುತ್ತಿದ್ದ ಹೆಂಗಸು ದಿನವೂ ನಮ್ಮ ಗೇಟಿನ ಮುಂದೆ ಹಾದುಹೋಗುತ್ತಿದ್ದವಳು, ಆ ವಾರ ಕಾಣಲಿಲ್ಲ. ಊರಿಗೆ ಹೋಗಿರಬೇಕು ಎಂದುಕೊಂಡೆವು. ಅವಳು ಪಕ್ಕದ ಗಲ್ಲಿಯಲ್ಲಿ ಪಾತ್ರೆ ತೊಳೆಯುತ್ತಿರುವುದನ್ನು ಅಮ್ಮ ನೋಡಿ ಬಂದಳು. ಆಮೇಲೆ ಪೇಪರಿನವನು ಕೊನೆಯ ಮನೆಯವರೆಗೆ ಸೈಕಲ್ ತುಳಿಯುವುದನ್ನು ಬಿಟ್ಟ. ಟ್ಯೂಶನ್ನಿನ ಮಕ್ಕಳು ಎಂಟಿದ್ದವರು ಐದಾದರು, ಎರಡಾದರು, ಕೊನೆಗೆ ವರಾಂಡದಲ್ಲಿ ಮಡಿಸಿಟ್ಟ ಚಾಪೆ ಮಾತ್ರ ಉಳಿಯಿತು. ಯಾರೂ ಅವರಿಗೆ ಒಂದು ಕೆಟ್ಟ ಮಾತಾಡಲಿಲ್ಲ. ಒಂದು ಕಲ್ಲೂ ಬೀಳಲಿಲ್ಲ. ಎದುರು ಸಿಕ್ಕರೆ ಜನ ನಮಸ್ಕಾರವನ್ನೂ ಮಾಡುತ್ತಿದ್ದರು, ಆದರೆ ನಿಲ್ಲುತ್ತಿರಲಿಲ್ಲ.

ಅಮ್ಮ ಒಂದು ಮಧ್ಯಾಹ್ನ ಡಬ್ಬಿಯಲ್ಲಿ ಸಾರು ಹಾಕಿ ನನ್ನ ಕೈಯಲ್ಲಿ ಕಳಿಸಿದಳು. ಜೇಠಿಮಾ ಬಾಗಿಲು ತೆಗೆದು, ಡಬ್ಬಿಯನ್ನು ನೋಡಿ, "ಇಟ್ಟುಕೊಂಡರೆ ನಿಮಗೆ ತೊಂದರೆಯಾಗುತ್ತದೆ, ಮಾ," ಎಂದು ಮೆಲ್ಲಗೆ ಹೇಳಿದರು. ಬಂಗಾಳಿಗಳು ಮಗಳಂಥವಳನ್ನು ಹಾಗೆಯೇ ಕರೆಯುವುದು, ಮಾ ಎಂದು. ಡಬ್ಬಿಯನ್ನು ಹಾಗೆಯೇ ವಾಪಸು ತಂದೆ. ನನ್ನ ಹಿಂದೆ ಎರಡು ಕಿಟಕಿಗಳು ಮುಚ್ಚಿದ ಸದ್ದು ಕೇಳಿಸಿತು.

ಒಂದು ಬೆಳಿಗ್ಗೆ ಬಜಾರಿನಲ್ಲಿ ನಾನು ತರಕಾರಿ ಆರಿಸುತ್ತಿದ್ದೆ. ಪಕ್ಕದ ಮೀನಿನ ಅಂಗಡಿಗೆ ಜೇಠು ಬಂದರು. ಇಪ್ಪತ್ತು ವರ್ಷದಿಂದ ಅವರು ಅಲ್ಲೇ ಕೊಳ್ಳುತ್ತಿದ್ದರು. ಬಾಳೆಲೆಯ ಮೇಲೆ ರೂಯಿ ಮೀನು ರಾಶಿ ಬಿದ್ದಿತ್ತು. ಮೀನಿನವನು ತಲೆಯೆತ್ತದೆ, "ಇವತ್ತು ಮೀನಿಲ್ಲ, ಮಾಸ್ಟರ್‌ಮಶಾಯ್," ಎಂದ. ಜೇಠು ರಾಶಿಯನ್ನು ನೋಡಿದರು, ಅವನನ್ನು ನೋಡಿದರು. "ಹೌದು, ಇಲ್ಲ," ಎಂದರು. ತಿರುಗಿದಾಗ ಅವರಿಗೆ ನಾನು ಕಂಡೆ.

"ಕಚೇರಿಗೆ ಹೋಗಿ ನಿಮ್ಮ ಫೈಲು ಓದಿದೆ, ಮಾ. ಚೆನ್ನಾಗಿ ಬರೆದಿದ್ದೀಯ," ಎಂದರು. ಕ್ಲಾಸಿನಲ್ಲಿ ತಪ್ಪು ತೋರಿಸುವಾಗಿನ ಅದೇ ಧ್ವನಿ. "ಕೊನೆಯ ಸಾಲಿನಲ್ಲಿ ನಿವಾಸಿಗಳು ಅಂತ ಹಾಕಿದ್ದೀಯ. ಬಹುವಚನ. ಎಷ್ಟು ಮನೆಯಲ್ಲಿ ಕೇಳಿದೆ?"

ಅವರು ಉತ್ತರಕ್ಕೆ ಕಾಯಲಿಲ್ಲ. ಖಾಲಿ ಚೀಲವನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಹೋದರು.

ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ಮೀನಿನ ಸಂಗತಿ ಕೇಳಿ ಅಪ್ಪನ ಮುಖ ಇಳಿಯಿತು. "ನಾವು ಎಂತದ್ದೂ ಮಾಡ್ಲಿಲ್ಲ ಅಲ್ಲವಾ?" ಎಂದು ನನ್ನನ್ನೇ ಕೇಳಿದರು. "ವಿಚಾರಣೆ ಒಂದು ಮುಗಿಯಲಿ ಮಗಾ. ಆಮೇಲೆ ಎಲ್ಲ ಸರಿ ಆಗ್ತದೆ. ಆಮೇಲೆ ನಾನೇ ಅವರ ಮನೆಗೆ ಹೋಗ್ತೇನೆ."

ವಿಚಾರಣೆಯ ದಿನ ಬೆಳಿಗ್ಗೆ ಎಂಟೂವರೆಗೆ ನಾನೂ ಅಪ್ಪನೂ ಹೊರಟೆವು. ಗೇಟು ದಾಟಿದಾಗ ಗಲ್ಲಿಯೊಳಗೆ ಒಂದು ಲಾರಿ ಹಿಮ್ಮುಖವಾಗಿ ಬರುತ್ತಿತ್ತು. ನಮ್ಮಲ್ಲಿಗೆ ಅವತ್ತು ಯಾವ ಸಾಮಾನೂ ಬರುವುದಿರಲಿಲ್ಲ. ನಾವು ಗೋಡೆಗೆ ಬೆನ್ನು ಹಚ್ಚಿ ನಿಂತೆವು. ಲಾರಿಯ ತುಂಬ ಮರಳು. ಹಸಿ ಮರಳಿನ ನೀರು ಹಲಗೆಯ ಸಂದಿನಿಂದ ಸುರಿದು ನನ್ನ ಚಪ್ಪಲಿ ನೆನೆಯಿತು. ಅದು ನಮ್ಮ ಗೇಟನ್ನು ದಾಟಿ, ಗಲ್ಲಿಯ ಕೊನೆಯ ಕಡೆಗೆ ಹೋಯಿತು. ಹಿಂದೆ ನಡೆದು ಬರುತ್ತಿದ್ದ ಇಬ್ಬರು ಕ್ಲಬ್ಬಿನವರು ಅಪ್ಪನಿಗೆ ಕೈಯೆತ್ತಿ ನಮಸ್ಕಾರ ಮಾಡಿದರು.

"ಅಪ್ಪಾ, ಅಲ್ಲಿ ಕೊನೆಯಲ್ಲಿ ಜೇಠು ಮನೆ ಬಿಟ್ಟರೆ ಬೇರೆ ಮನೆಯೇ ಇಲ್ಲ," ಎಂದೆ.

ಅಪ್ಪ ಒಂದು ಕ್ಷಣ ನಿಂತರು. "ನೋಡ್ಬೇಡ. ನಡಿ. ಬಸ್ಸು ತಪ್ತದೆ," ಎಂದರು.

ನಾನು ನಡೆದೆ.

ಕಾರ್ಪೊರೇಷನ್ ಕಚೇರಿಯ ಕೋಣೆಯಲ್ಲಿ ಫೈಲುಗಳ ಗಂಟುಗಳು ಸೂರಿನವರೆಗೆ ಇದ್ದವು. ವಿಚಾರಣೆ ನಡೆಸಿದ ಅಧಿಕಾರಿ ಕನ್ನಡಕವನ್ನು ಹಣೆಗೇರಿಸಿಕೊಂಡ ಸಭ್ಯ ಮನುಷ್ಯ. ಅರ್ಜಿಯನ್ನೂ ನಕ್ಷೆಯನ್ನೂ ಓದಿದರು. ಜೇಠುವಿನ ತಕರಾರನ್ನು ಎರಡು ಸಲ ಓದಿದರು. ಆಂಬುಲೆನ್ಸಿನ ಮಾತು ಅದರಲ್ಲಿತ್ತು. "ತಕರಾರುದಾರರು ಬಂದಿದ್ದಾರೆಯೇ?" ಎಂದು ಕೇಳಿದರು. ಜವಾನ ಹೊರಗೆ ಹೋಗಿ ಹೆಸರು ಕೂಗಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೂಗಿದ. ಅಧಿಕಾರಿ ಗಡಿಯಾರ ನೋಡಿ, ಅಪ್ಪನ ಕಡೆ ತಿರುಗಿ, "ನಿಮ್ಮ ನೆರೆಯವರಲ್ಲವೇ? ಯಾಕೆ ಬಂದಿಲ್ಲ, ನಿಮಗೇನಾದರೂ ಗೊತ್ತೇ?" ಎಂದರು.

ನಾನು ಅಪ್ಪನ ಕಡೆ ನೋಡಿದೆ. ಅಪ್ಪ ನನ್ನನ್ನು ನೋಡಲಿಲ್ಲ. "ಗೊತ್ತಿಲ್ಲ, ಸಾರ್," ಎಂದರು.

ಕಾಲು ಗಂಟೆ ಕಾದು ವಿನಾಯಿತಿ ಕೊಟ್ಟರು. ಲಾರಿ ಅರ್ಧ ಗಂಟೆಗಿಂತ ಹೆಚ್ಚು ನಿಲ್ಲಬಾರದು, ರೋಗಿಗಳ ಗಾಡಿ ಬಂದರೆ ತಕ್ಷಣ ತೆಗೆಯಬೇಕು ಎಂದು ಷರತ್ತು ಬರೆದರು. ನಾನು ಅಪ್ಪನ ಪರವಾಗಿ ಪ್ರತಿ ತೆಗೆದುಕೊಂಡೆ.

ಗಲ್ಲಿಗೆ ಬಂದಾಗ ಮಧ್ಯಾಹ್ನ. ಅಪ್ಪ ನಮ್ಮ ಗೇಟಿನಲ್ಲಿ ನಿಲ್ಲದೆ ನೇರ ಕೊನೆಗೆ ನಡೆದರು. ಜೇಠುವಿನ ಗೇಟು ಹೊರಗೆ ತೆರೆಯುವಂಥದ್ದು. ಅದರ ಮುಂದೆ ಎದೆಮಟ್ಟಕ್ಕೆ ಮರಳು ಬಿದ್ದಿತ್ತು. ಎರಡೂ ಬದಿ ಗೋಡೆ. ಒಳಗೆ ವರಾಂಡದಲ್ಲಿ ಜೇಠು ಒಗೆದು ಇಸ್ತ್ರಿ ಮಾಡಿದ ಧೋತಿ, ಕೋಟು ಹಾಕಿಕೊಂಡು, ಮಡಿಲಲ್ಲಿ ಫೈಲು ಇಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದರು. ಬೆಳಿಗ್ಗೆಯಿಂದ ಹಾಗೆಯೇ ಕೂತಿದ್ದರೋ ಏನೋ.

ಅಪ್ಪ ವಾಪಸು ಓಡಿದರು. ಶೆಡ್ಡಿನಿಂದ ಅಡುಗೆಯ ಕಾಲದ ದೊಡ್ಡ ಕಡಾಯಿ, ಅನ್ನ ತೋಡುವ ಉದ್ದ ಹಿಡಿಯ ಸಟ್ಟುಗ, ಎರಡು ಬಕೆಟ್ ತಂದು ಮರಳು ಬಗೆಯಲು ಶುರು ಮಾಡಿದರು. ಅಮ್ಮ ಸೀರೆ ಎತ್ತಿ ಕಟ್ಟಿ ಬಂದಳು. ನಾನು ಬಕೆಟ್ ಹೊತ್ತೆ. ನಮ್ಮ ಗೇಟಿನೊಳಗೆ ಜಾಗವಿರಲಿಲ್ಲ. ಮರಳನ್ನೆಲ್ಲ ನಮ್ಮದೇ ಗೇಟಿನ ಮುಂದೆ ಸುರಿದೆವು. ಹದಿನೈದು ಮನೆಗಳ ಗಲ್ಲಿಯಲ್ಲಿ ಒಬ್ಬರೂ ಹೊರಗೆ ಬರಲಿಲ್ಲ. ಕಿಟಕಿಗಳ ಹಿಂದೆ ಜನ ಇದ್ದದ್ದು ಮಾತ್ರ ಗೊತ್ತಾಗುತ್ತಿತ್ತು. ಒಂದು ರೇಡಿಯೋ ಕೂಡ ಕೇಳಿಸುತ್ತಿರಲಿಲ್ಲ.

ಸೆಕ್ರೆಟರಿ ಬಂದು ಗೋಡೆಗೆ ಒರಗಿ ನಿಂತ. "ದಾದಾ, ನೀವ್ಯಾಕೆ ಕೈ ಕೊಳೆ ಮಾಡಿಕೊಳ್ಳುತ್ತೀರಿ? ನಾಳೆ ನಾವೇ ತೆಗೆಸುತ್ತಿದ್ದೆವು. ನಿಮ್ಮ ಕೆಲಸ ಆಯಿತಲ್ಲ?"

"ಆಯಿತು," ಎಂದರು ಅಪ್ಪ. ಕೈ ನಿಲ್ಲಿಸಲಿಲ್ಲ.

"ಹಾಗಿದ್ದರೆ ಬಿಡಿ."

ಅಪ್ಪ ಬಿಡಲಿಲ್ಲ. ಅವನು ಇನ್ನೂ ಸ್ವಲ್ಪ ಹೊತ್ತು ನಿಂತು ನೋಡಿದ. ಸಿಟ್ಟಾದ ಹಾಗೆ ಕಾಣಲಿಲ್ಲ. ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿ, ನೆನಪಿಟ್ಟುಕೊಳ್ಳುವವನ ಹಾಗೆ ತಲೆಯಾಡಿಸಿ ಹೋದ. ನನಗೆ ಭಯವಾದದ್ದು ಆಗಲೇ.

ಗೇಟು ಒಬ್ಬ ಮನುಷ್ಯ ಹೊರಬರುವಷ್ಟು ತೆರೆದಾಗ ಜೇಠು ಎದ್ದು ಬಂದರು. "ಇಷ್ಟು ಸಾಕು," ಎಂದರು. "ಇನ್ನು ನಾನು ಹೋಗಬೇಕಾದದ್ದು ಎಲ್ಲಿಗೂ ಇಲ್ಲ." ಅಪ್ಪ ಏನೋ ಹೇಳಲು ಬಾಯಿ ತೆರೆದರು. ಜೇಠು ಕೈಯೆತ್ತಿ ಬೇಡ ಎಂದು ಸನ್ನೆ ಮಾಡಿ ಒಳಗೆ ಹೋದರು.

ಮಾರನೆಯ ವಾರ ಅಪ್ಪ ವಿನಾಯಿತಿ ಬೇಡವೆಂದು ಬರೆಸಿದರು. ಅದನ್ನೂ ನಾನೇ ಟೈಪ್ ಮಾಡಿದೆ. ಹನ್ನೆರಡು ಕೋಣೆಯವರಿಗೂ ಕಾಗದ ಹೋಯಿತು. ಕೆಲವರು ಬೈದರು, ಕೆಲವರ ಸಾಮಾನು ನಮ್ಮ ಮನೆಯೊಳಗೇ ಬಂತು. ಒಂದು ವರ್ಷ ನಾನು ಯಾರದೋ ಬೀರುವಿಗೂ ಯಾರದೋ ಊಟದ ಮೇಜಿಗೂ ನಡುವೆ ಹಾಸಿಗೆ ಹಾಕಿ ಮಲಗಿದೆ. ತಗಡಿನ ಮಾಡು ಇಳಿಯಿತು, ಗೋಡೆ ಬಿತ್ತು. ಎರಡು ಲಾರಿ ಒಳಗೆ ನಿಲ್ಲುವಷ್ಟು ಅಂಗಳ ಮತ್ತೆ ಕಾಣಿಸಿತು.

ಆದರೆ ಅಷ್ಟರಲ್ಲಿ ನಿಲ್ಲಲು ಲಾರಿಗಳೇ ಬರುತ್ತಿರಲಿಲ್ಲ. ನಮ್ಮ ವಿಳಾಸ ಹೇಳಿದರೆ ಡ್ರೈವರುಗಳು ಬೇರೆ ಕೆಲಸವಿದೆ ಎನ್ನುತ್ತಿದ್ದರು. ನಮ್ಮ ಗ್ಯಾಸ್ ಸಿಲಿಂಡರ್ ಪ್ರತಿ ಸಲವೂ ಗಲ್ಲಿಯ ಬಾಯಲ್ಲೇ ಇಳಿಯುತ್ತಿತ್ತು. ಮುಂದಿನ ವರ್ಷದ ಪೂಜೆಗೆ ಮನೆ ಮನೆಗೂ ಚಂದಾ ಕೇಳಲು ಹೋದ ಕ್ಲಬ್ಬಿನವರು ನಮ್ಮ ಬಾಗಿಲು ತಟ್ಟದೆ ಮುಂದೆ ಹೋದರು. ಹಿಂದೆ ಅವರು ಬಂದರೆ ಗೊಣಗುತ್ತಿದ್ದ ಅಮ್ಮ ಅವತ್ತು ಬಾಗಿಲ ಹಿಂದೆ ನಿಂತು ಹೆಜ್ಜೆ ಸಪ್ಪಳ ದೂರವಾಗುವುದನ್ನು ಕೇಳಿಸಿಕೊಂಡಳು. "ಅವರು ಬಂದು ಕೇಳುದೇ ಒಳ್ಳೆದಿತ್ತು," ಎಂದಳು. ಆ ಬಗೆಯ ದಿನಗಳು ಮೂರು ವರ್ಷ ನಡೆದವು. ಏನಾದರೂ ಆಗುತ್ತದೆ ಎಂದು ಕಾಯುತ್ತಿದ್ದೆವು. ಏನೂ ಆಗಲಿಲ್ಲ. ಕಾಯುವುದು ಮಾತ್ರ ನಿಲ್ಲಲಿಲ್ಲ.

ಜೇಠು ಮತ್ತು ಜೇಠಿಮಾ ಚಳಿಗಾಲ ಮುಗಿಯುವ ಮೊದಲೇ ಮನೆ ಬಿಟ್ಟು ನಗರದ ಇನ್ನೊಂದು ಕಡೆ, ಕಸ್ಬಾದಲ್ಲಿದ್ದ ಮಗಳ ಫ್ಲ್ಯಾಟಿಗೆ ಹೋದರು. ನಾಲ್ಕು ತಿಂಗಳಿಗೆ ಆ ಮನೆ ನೆಲಸಮವಾಯಿತು. ಅಲ್ಲಿ ನಾಲ್ಕು ಮಹಡಿಯ ಕಟ್ಟಡ ಎದ್ದಿತು. ಕಟ್ಟಿಸಿದವನು ಸೆಕ್ರೆಟರಿಯ ಭಾವಮೈದುನ. ಇಟ್ಟಿಗೆಯ ಲಾರಿಗಳು ದಿನವಿಡೀ ಗಲ್ಲಿಯಲ್ಲಿ ನಿಂತವು. ಯಾರೂ ಯಾವ ಕಚೇರಿಗೂ ಬರೆಯಲಿಲ್ಲ. ಅಪ್ಪ ಮೇಲಿನ ಕಿಟಕಿಯಿಂದ ಅದನ್ನು ನೋಡುತ್ತಾ ಒಂದು ದಿನ, "ಆ ಮರಳು ನಮಗೋಸ್ಕರ ಬಂದದ್ದೇ ಅಲ್ಲ ಮಗಾ. ಕ್ಲಬ್ಬಿನವರಿಗೆ ಆ ಮನೆ ಬೇಕಿತ್ತು. ನಮ್ಮ ಅರ್ಜಿ ಒಂದು ನೆಪ ಆಯ್ತು," ಎಂದರು. ಹಾಗೆ ಹೇಳಿದ್ದರಿಂದ ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ. ಜೇಠುವಿನ ಮನೆಗೆ ಹೋಗುತ್ತೇನೆ ಎಂದವರು ಒಂದು ಸಲವೂ ಹೋಗಲಿಲ್ಲ. ಎರಡು ಸಲ ಹೊರಟು ಬಸ್ ಸ್ಟಾಪಿನಿಂದ ಹಿಂದಿರುಗಿದ್ದರೆಂದು ಅಮ್ಮ ಆಮೇಲೆ ಹೇಳಿದಳು.

ಹೋದವಳು ನಾನು. ಜೇಠಿಮಾ ತೀರಿಕೊಂಡ ಸುದ್ದಿ ತಡವಾಗಿ ತಿಳಿದು, ನನ್ನ ಮದುವೆ ನಿಶ್ಚಯವಾಗಿದ್ದ ದಿನಗಳಲ್ಲಿ, ಒಬ್ಬಳೇ ಹೋದೆ. ಐದನೇ ಮಹಡಿಯ ಸಣ್ಣ ಕೋಣೆಯಲ್ಲಿ ಜೇಠು ಮಂಚದ ಮೇಲೆ ಪೇಪರು ಓದುತ್ತಿದ್ದರು. ನನ್ನನ್ನು ಕಂಡು ಕನ್ನಡಕ ತೆಗೆದರು. ಅಪ್ಪನ ಆರೋಗ್ಯ ಕೇಳಿದರು, ಅಮ್ಮನ ಮಂಡಿನೋವು ಕೇಳಿದರು. ಹುಡುಗ ಏನು ಓದಿದ್ದಾನೆ ಎಂದು ಕೇಳಿದರು. ನಾನು ಬಂದ ಕೆಲಸ ಮುಗಿಸಬೇಕಾಗಿತ್ತು.

"ಜೇಠು, ಅವತ್ತು ಬೆಳಿಗ್ಗೆ ಆ ಲಾರಿಯನ್ನು ನಾನು ನೋಡಿದ್ದೆ. ಎಲ್ಲಿಗೆ ಹೋಗುತ್ತಿದೆ ಅಂತಲೂ ಗೊತ್ತಾಗಿತ್ತು. ಕಚೇರಿಯಲ್ಲಿ ಅವರು ಕೇಳಿದಾಗ ಹೇಳಲಿಲ್ಲ."

"ಗೊತ್ತು, ಮಾ," ಎಂದರು. "ಗೋಡೆಗೆ ಒತ್ತಿಕೊಂಡು ನಿಂತಿದ್ದಿರಿ, ಅಪ್ಪ ಮಗಳು ಇಬ್ಬರೂ. ನಾನು ಹೊರಡಲು ತಯಾರಾಗಿ ಮೇಲಿನ ಕಿಟಕಿ ಮುಚ್ಚುತ್ತಿದ್ದೆ. ಕರೆಯೋಣ ಅಂದುಕೊಂಡೆ. ನೀವು ತಿರುಗಿ ನೋಡಲಿಲ್ಲ."

ಅವರು ಕ್ಷಮಿಸಿದೆ ಎನ್ನಲಿಲ್ಲ, ನಾನು ಕೇಳಲೂ ಇಲ್ಲ. ಪಕ್ಕದ ಫ್ಲ್ಯಾಟಿನ ಹೆಂಗಸು ಅವರಿಗೆ ಮಧ್ಯಾಹ್ನದ ಔಷಧಿ ಕೊಡಲು ಬಂದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇವರು ಯಾರು?" ಎಂದು ಕೇಳಿದಳು. ಜೇಠು ಮಾತ್ರೆ ನುಂಗಿ, ನೀರು ಕುಡಿದು, ಲೋಟವನ್ನು ಅವಳ ಕೈಗೆ ಕೊಟ್ಟು, "ನನ್ನ ಹತ್ತಿರ ಓದಿದವಳು," ಎಂದರು.